ಎಷ್ಟು ಮುದ್ದೆ ಕಟ್ಟಲಿ? ಬೆಳೆದ ಮಕ್ಕಳು ಮನೆಗೆ ವಾಪಸ್ ಬಂದಾಗ

ಹಾಸನಕ್ಕೂ ಬೆಂಗಳೂರಿಗೂ ಈಗ ದೂರವೇನಿಲ್ಲ. 2017ರಲ್ಲಿ ಕುಣಿಗಲ್ ಮೇಲೆ ರೈಲು ಓಡಾಡಲು ಶುರುವಾದ ಮೇಲಂತೂ ಶನಿವಾರ ಬಂದು ಭಾನುವಾರ ಸಂಜೆ ಹೊರಡುವ ಮಕ್ಕಳು ನಮ್ಮ ಬೀದಿಯಲ್ಲಿ ಮನೆಗೊಬ್ಬರಿದ್ದಾರೆ. ಬರುವಾಗ ಬ್ಯಾಗಿನ ತುಂಬ ಒಗೆಯುವ ಬಟ್ಟೆ, ಹೋಗುವಾಗ ಅದೇ ಬ್ಯಾಗಿನಲ್ಲಿ ಚಟ್ನಿಪುಡಿ, ಕೋಡುಬಳೆ. ನಮ್ಮ ಮಗನೂ ಐದು ವರ್ಷ ಹೀಗೇ ಓಡಾಡಿದವನು. ಒಂದು ಗುರುವಾರ ಮಧ್ಯಾಹ್ನ ಮಾತ್ರ ಗೇಟಿನ ಮುಂದೆ ಲಗೇಜ್ ಟೆಂಪೊ ಬಂದು ನಿಂತಿತು. ಹಾಸಿಗೆ, ಕುರ್ಚಿ, ಮಾನಿಟರು, ಇಂಡಕ್ಷನ್ ಒಲೆ, ಎರಡು ಸೂಟ್‌ಕೇಸು. ಕಂಪನಿಯಲ್ಲಿ ಅವನ ತಂಡವನ್ನೇ ತೆಗೆದಿದ್ದರು. ಅವನಿಗೆ ಇಪ್ಪತ್ತಾರು.

ನಾಲ್ಕನೇ ದಿನಕ್ಕೆ ನಾನು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಹದಿನಾಲ್ಕು ನಿಯಮ ಬರೆದೆ. ರಾತ್ರಿ ಊಟಕ್ಕೆ ಕೂತಾಗ ಓದಿದೆ. ಅವನು ಎಲ್ಲದಕ್ಕೂ "ಸರಿ ಅಮ್ಮ" ಅಂದು ಕೈ ತೊಳೆದು ಎದ್ದುಹೋದ. ಎರಡು ವಾರದಲ್ಲಿ ಹದಿನಾಲ್ಕೂ ಮುರಿದಿದ್ದವು, ಅದರಲ್ಲಿ ಮೂರನ್ನು ಮುರಿದವರು ನಾವೇ. ಈಗ ಹತ್ತು ತಿಂಗಳಾಗಿದೆ, ಉಳಿದಿರುವುದು ಐದು. ಆ ಐದು ಹೇಗೆ ಉಳಿದವು, ಮಿಕ್ಕವನ್ನು ಯಾಕೆ ಹೊಡೆದುಹಾಕಿದೆವು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಮಗ ಅಂತ ಬರೆದ ಕಡೆ ಮಗಳು ಅಂತಲೂ ಓದಿಕೊಳ್ಳಿ. ವ್ಯತ್ಯಾಸ ಇರುವ ಕಡೆ ಬೇರೆಯಾಗಿ ಹೇಳುತ್ತೇನೆ.

ನಿಯಮ ಮಾಡುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಇದಿಲ್ಲದಿದ್ದರೆ ಯಾರಿಗೆ ಕೆಲಸ ಜಾಸ್ತಿಯಾಗುತ್ತೆ, ಯಾರ ನಿದ್ದೆ ಕೆಡುತ್ತೆ, ಯಾರ ಜೇಬಿಗೆ ಹೊರೆ? ಉತ್ತರ ಇದ್ದರೆ ಅದು ನಿಯಮ. ಇಲ್ಲದಿದ್ದರೆ ಅದು ನಮ್ಮ ಸಿಟ್ಟು, ಅಷ್ಟೆ. "ಬೆಳಗ್ಗೆ ಆರಕ್ಕೆ ಏಳಬೇಕು" ಅನ್ನೋದು ನನ್ನ ಪಟ್ಟಿಯ ಮೊದಲನೆಯದಾಗಿತ್ತು. ಅವನು ಎಂಟೂವರೆಗೆ ಎದ್ದರೆ ಯಾರಿಗೇನು ನಷ್ಟ ಅಂತ ಯೋಚಿಸಿದೆ. ಕಸ ಗುಡಿಸುವಾಗ ಆ ರೂಮು ಕೊನೆಗೆ ಗುಡಿಸಬೇಕು, ಬೇರೇನಿಲ್ಲ. ಹೊಡೆದುಹಾಕಿದೆ. "ಗಡ್ಡ ತೆಗೆಸಬೇಕು" ಅನ್ನುವುದು ನಮ್ಮ ಯಜಮಾನರು ಸೇರಿಸಿದ್ದು. ಅದೂ ಹೋಯಿತು, ಸ್ವಲ್ಪ ಜಗಳದ ನಂತರ.

ಮೊದಲ ಹದಿನೈದು ದಿನ ಸುಮ್ಮನಿರಿ

ನಾಲ್ಕನೇ ದಿನ ಮಾತೆತ್ತಿದ್ದು ನನ್ನ ದೊಡ್ಡ ತಪ್ಪು. ಕೆಲಸ ಕಳಕೊಂಡೋ, ಪರೀಕ್ಷೆ ಕೈಕೊಟ್ಟೋ, ಮದುವೆ ಮುರಿದೋ ಬಂದ ಮಕ್ಕಳಿಗೆ ಮೊದಲು ಬೇಕಾಗುವುದು ನಿದ್ದೆ. ಮಲಗಲಿ, ಉಣ್ಣಲಿ. ಮಹಾರಾಜ ಪಾರ್ಕಿಗೆ ಹೋಗಿ ಸುಮ್ಮನೆ ಕೂತು ಬರಲಿ. ಆದರೆ ಹದಿನೈದು ದಿನ ತಿಂಗಳಾಗಲು ಬಿಡಬೇಡಿ. ತಿಂಗಳು ಕಳೆದರೆ ನಡೆದುಬಂದಿದ್ದೇ ಪದ್ಧತಿಯಾಗುತ್ತದೆ. ಆಮೇಲೆ ನೀವು ಏನು ಹೇಳಿದರೂ ಅವರ ಕಿವಿಗೆ ಅದು "ನಾನಿರೋದು ಇವರಿಗೆ ಭಾರವಾಯ್ತು" ಅಂತಲೇ ಕೇಳಿಸುತ್ತದೆ.

ಮಾತಾಡಲು ಊಟದ ಹೊತ್ತು ಬೇಡ. ಅನ್ನ ತಟ್ಟೆಯಲ್ಲಿರುವಾಗ ಆಡಿದ ಮಾತು ಹಂಗಿನ ಮಾತಿನ ಹಾಗೆ ಕೇಳುತ್ತದೆ. ನೆಂಟರಿರುವ ದಿನವೂ ಬೇಡ, ರಾತ್ರಿ ಹತ್ತರ ಮೇಲಂತೂ ಬೇಡವೇ ಬೇಡ. ಭಾನುವಾರ ತಿಂಡಿ ಆದ ಮೇಲೆ ಕಾಫಿ ಲೋಟ ಹಿಡಿದು ಜಗಲಿಯಲ್ಲೋ ಟೆರೇಸಿನಲ್ಲೋ ಕೂತರೆ ಅರ್ಧ ಗಂಟೆ ಸಾಕು.

ಅದಕ್ಕೂ ಮುಂಚೆ ಗಂಡ ಹೆಂಡತಿ ಒಂದು ಮಾತಿಗೆ ಬನ್ನಿ

ನಮ್ಮ ಕಡೆ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ. ಅಪ್ಪನಿಗೆ ಬೇಸರವಾದರೆ ಮಗನಿಗೆ ನೇರ ಹೇಳುವುದಿಲ್ಲ, ಅಡುಗೆಮನೆ ಬಾಗಿಲಲ್ಲಿ ನಿಂತು "ನಿನ್ನ ಮಗನಿಗೆ ಹೇಳು" ಅನ್ನುತ್ತಾರೆ. ಅಮ್ಮ ಹೋಗಿ ಹೇಳುತ್ತಾಳೆ, ಮಗನ ಕಣ್ಣಿಗೆ ಕೆಟ್ಟವಳೂ ಅವಳೇ ಆಗುತ್ತಾಳೆ. ಇದನ್ನು ಮೊದಲು ನಿಲ್ಲಿಸಿ. ಹೇಳುವುದಿದ್ದರೆ ಇಬ್ಬರೂ ಕೂತು ಹೇಳುವುದು, ಇಲ್ಲವೇ ಬಿಡುವುದು.

ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನೂ ಮಾತಿಗೆ ಸೇರಿಸಿಕೊಳ್ಳಿ. ನಮ್ಮತ್ತೆಗೆ ಎಂಬತ್ತೊಂದು. "ಅವನ ತಟ್ಟೆ ಅವನೇ ತೊಳೀಲಿ" ಅಂತ ನಾವು ತೀರ್ಮಾನ ಮಾಡಿದ ದಿನವೇ ಗೋಡೆ ಹಿಡಿದುಕೊಂಡು ಎದ್ದು ಬಂದು ಮೊಮ್ಮಗನ ತಟ್ಟೆ ತೊಳೆದಿಟ್ಟರು. "ಮಗ ಬಂದೈತೆ, ನಾಕ್ ದಿನ ಬಿಡೇ" ಅಂತ ನನಗೇ ಬೈದರು. ಅವರ ಒಪ್ಪಿಗೆ ಇಲ್ಲದೆ ಮಾಡಿದ ನಿಯಮ ಒಂದು ವಾರವೂ ನಿಲ್ಲಲಿಲ್ಲ. ಆಮೇಲೆ ಅವರಿಗೆ ಒಂದು ಕೆಲಸ ಕೊಟ್ಟೆವು. ರಾತ್ರಿ ಮಾತ್ರೆಯನ್ನು ಮೊಮ್ಮಗ ಕೊಟ್ಟರೆ ಮಾತ್ರ ನುಂಗಬೇಕು, ನಾನು ಕೊಟ್ಟರೆ ಬೇಡ ಅನ್ನಬೇಕು. ಅದನ್ನವರು ಇವತ್ತಿಗೂ ಬಹಳ ಕಟ್ಟುನಿಟ್ಟಾಗಿ ನಡೆಸುತ್ತಿದ್ದಾರೆ.

ಬಂದಿದ್ದು ಯಾಕೆ, ಎಲ್ಲಿಯವರೆಗೆ

ಇದನ್ನು ಕೇಳಲು ಎಲ್ಲರಿಗೂ ಮುಜುಗರ. "ಎಷ್ಟು ದಿನ ಇರ್ತೀಯ?" ಅಂತ ಹೆತ್ತವರು ಕೇಳುವುದುಂಟೇ? ಹಾಗೆ ಕೇಳಬೇಡಿ. "ಮುಂದಿನ ಆರು ತಿಂಗಳು ಏನು ಅಂದ್ಕೊಂಡಿದೀಯ, ನಮ್ಮಿಂದ ಏನಾಗಬೇಕು?" ಅಂತ ಕೇಳಿ. ಉತ್ತರವನ್ನು ನೋಡಿಕೊಂಡು ನಿಯಮ.

ಕೆಲಸ ಹುಡುಕುತ್ತಿದ್ದರೆ ಹಬ್ಬದ ಲೆಕ್ಕ ಇಟ್ಟುಕೊಳ್ಳಿ. ನಾವು ಗೌರಿ ಹಬ್ಬಕ್ಕೊಮ್ಮೆ, ಸಂಕ್ರಾಂತಿಗೊಮ್ಮೆ, ಯುಗಾದಿಗೊಮ್ಮೆ ಕೂತು ಮಾತಾಡುವುದು ಅಂತ ಮಾಡಿಕೊಂಡೆವು. ನಡುವೆ "ಏನಾಯ್ತು?" ಅಂತ ಕೇಳುವ ಹಾಗಿಲ್ಲ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದರೆ ತಿಂಗಳ ಲೆಕ್ಕ ಕೆಲಸಕ್ಕೆ ಬಾರದು. ಅಧಿಸೂಚನೆ, ಪರೀಕ್ಷೆ, ಫಲಿತಾಂಶ ಯಾವುದೂ ಓದುವವರ ಕೈಯಲ್ಲಿಲ್ಲ. ಅಲ್ಲಿ ಎಷ್ಟು ಸಲ ಬರೆಯುವುದು ಅಂತ ಮಾತಾಡಿಕೊಳ್ಳಿ. ಎರಡು ಸಲ ಬರೆದೂ ಆಗದಿದ್ದರೆ ಜೊತೆಗೆ ಒಂದು ಕೆಲಸ ಹಿಡಿಯುವುದು, ಹೀಗೆ.

ತೋಟ ನೋಡಿಕೊಳ್ಳಲು ಬಂದವರ ವಿಷಯ ಬೇರೆಯೇ, ಸ್ವಲ್ಪ ಉದ್ದ ಹೇಳಬೇಕು. ಸಕಲೇಶಪುರ, ಮೂಡಿಗೆರೆ, ಆಲ್ದೂರು ಕಡೆ ಈಗ ಎಂಜಿನಿಯರಿಂಗ್ ಓದಿದ ಮಕ್ಕಳು ಎಷ್ಟೋ ಜನ ಕಾಫಿ ತೋಟಕ್ಕೆ ಮರಳಿದ್ದಾರೆ. ಮೂಡಿಗೆರೆ ಕಡೆ ನಮ್ಮಕ್ಕನ ಮನೆಯಲ್ಲಿ ಎರಡು ವರ್ಷ ನಡೆದ ಜಗಳಕ್ಕೆ ಕಾರಣ ಒಂದೇ, ದುಡ್ಡು. ತೋಟದ ಲೆಕ್ಕ ಬರೆಯುವ ರೈಟರ್‌ಗೆ ಸಂಬಳ ಇದೆ, ಚೆಕ್‌ರೋಲಿನಲ್ಲಿ, ಅಂದರೆ ಆಳುಗಳ ಹಾಜರಿ ಪುಸ್ತಕದಲ್ಲಿ, ಹೆಸರಿರುವ ಪ್ರತಿಯೊಬ್ಬರಿಗೂ ವಾರದ ಬಟವಾಡೆ ಇದೆ. ಬೆಳಗ್ಗೆ ಏಳಕ್ಕೆ ಗಮ್‌ಬೂಟ್ ಹಾಕಿಕೊಂಡು ಹೊರಡುವ ಮಗನಿಗೆ ಮಾತ್ರ "ಬೇಕಾದಾಗ ಕೇಳಿ ತಗೊಳ್ಳೋ". ಇಪ್ಪತ್ತೆಂಟರ ಹುಡುಗ ಪೆಟ್ರೋಲಿಗೆ ಅಪ್ಪನ ಮುಂದೆ ಕೈ ಚಾಚಬೇಕು. ಅವನು ಹೋಂಸ್ಟೇ ಮಾಡೋಣ ಅಂದರೆ ಅಪ್ಪ ಮೆಣಸಿನ ಬಳ್ಳಿ ನೋಡ್ಕೋ ಅನ್ನುತ್ತಿದ್ದರು. ಕೊನೆಗೆ ಎರಡು ಮಾತಿನಲ್ಲಿ ಸರಿಹೋಯಿತು. ತಿಂಗಳಿಗಿಷ್ಟು ಅಂತ ಅವನ ಖಾತೆಗೆ ಸಂಬಳ. ರಸ್ತೆ ಬದಿಯ ಎರಡೆಕರೆ ಪೂರ್ತಿ ಅವನ ಉಸ್ತುವಾರಿ, ಲೆಕ್ಕ ಬೇರೆ, ಲಾಭ ನಷ್ಟ ಅವನದು. ನವೆಂಬರಿನಲ್ಲಿ ಅರೇಬಿಕ ಕೊಯ್ಲು ಶುರುವಾಗಿ ರೋಬಸ್ಟ ಮುಗಿಯುವವರೆಗೆ, ಅಂದರೆ ಸುಮಾರು ಮಾರ್ಚಿನ ತನಕ, ಯಾವ ಹೊಸ ಯೋಜನೆಯನ್ನೂ ಇಬ್ಬರೂ ಎತ್ತುವ ಹಾಗಿಲ್ಲ. ಕೊಯ್ಲಿನ ನಡುವೆ ನಡೆದ ಮಾತುಕತೆ ಯಾವುದೂ ಆ ಮನೆಯಲ್ಲಿ ನೆಟ್ಟಗೆ ಮುಗಿದಿದ್ದೇ ಇಲ್ಲ.

ಮಗಳು ಗಂಡನ ಮನೆಯಿಂದ ವಾಪಸ್ ಬಂದಿದ್ದರೆ, ದಯವಿಟ್ಟು ಈ ಲೇಖನವನ್ನು ಆರು ತಿಂಗಳು ಬದಿಗಿಡಿ. ಅವಧಿ ಕೇಳಬೇಡಿ, ಖರ್ಚು ಕೇಳಬೇಡಿ. "ಯಾವಾಗ ಹೋಗ್ತೀಯ?" ಅನ್ನುವ ಅರ್ಥ ಬರುವ ಒಂದು ಮಾತೂ ನಿಮ್ಮ ಬಾಯಿಂದ ಬರಬಾರದು, ಅಕ್ಕಪಕ್ಕದವರು ಅವಳ ಎದುರಿಗೆ ಅಂದರೆ ಸುಮ್ಮನೆ ಕೇಳಿಸಿಕೊಳ್ಳಲೂಬಾರದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಹಕ್ಕು ಮಗಳಿಗೂ ಇದೆ ಅಂತ 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿಯಾಗಿದೆ. ಕರ್ನಾಟಕ ಇಂಥ ತಿದ್ದುಪಡಿಯನ್ನು 1994ರಲ್ಲೇ ತಂದಿತ್ತು. ಇದನ್ನು ಯಾಕೆ ಹೇಳಿದೆ ಅಂದರೆ, ತವರಿಗೆ ಬಂದ ಮಗಳನ್ನು ನೆಂಟರ ಹಾಗೆ ನೋಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ.

ಊಟದ ನಿಯಮ

ನಮ್ಮ ಐದರಲ್ಲಿ ನಂಬರ್ ಒನ್ ಇದು: ಸಂಜೆ ಏಳರೊಳಗೆ ರಾತ್ರಿ ಊಟಕ್ಕೆ ಇದ್ದೀಯೋ ಇಲ್ಲವೋ ಹೇಳಬೇಕು. ಫೋನ್ ಬೇಡ, "ಇಲ್ಲ" ಅಂತ ಒಂದು ಮೆಸೇಜ್ ಸಾಕು. ಎಲ್ಲಿ, ಯಾರ ಜೊತೆ ಅಂತ ನಾವು ಕೇಳುವುದಿಲ್ಲ.

ಬೇರೆ ಊರಿನವರಿಗೆ ಇದು ಸಣ್ಣ ವಿಷಯ ಅನಿಸಬಹುದು. ನಮ್ಮ ಜಿಲ್ಲೆಯಲ್ಲಿ ಮುದ್ದೆಯನ್ನು ತಲೆ ಎಣಿಸಿಯೇ ಕಟ್ಟುವುದು. ಅನ್ನವಾದರೆ ಉಳಿದದ್ದು ಬೆಳಗ್ಗೆ ಚಿತ್ರಾನ್ನವಾಗುತ್ತೆ, ಮುದ್ದೆ ಉಳಿದರೆ ಅದನ್ನು ಮಜ್ಜಿಗೆಯಲ್ಲಿ ಕಲಸಿಕೊಂಡು ತಿನ್ನಬೇಕಾದವಳು ಬೆಳಗ್ಗೆ ಮನೆಯಲ್ಲಿರುವ ಹೆಂಗಸು. ನಾನು ಎರಡು ತಿಂಗಳು ತಿಂದಿದ್ದೇನೆ. ಅವನ ಪಾಲಿನದು ಕಟ್ಟದೆ ಬಿಟ್ಟರೆ ಅವನು ಹನ್ನೊಂದಕ್ಕೆ ಬಂದು "ಅಮ್ಮ, ಬಸ್ಸಾರು ಇದೆಯಾ?" ಅನ್ನುತ್ತಿದ್ದ, ನಾನು ಎದ್ದು ಮತ್ತೆ ಎಸರಿಡುತ್ತಿದ್ದೆ. ಈಗ ಹೇಳದೆ ತಡವಾಗಿ ಬಂದರೆ ಮೊಸರು, ಬ್ರೆಡ್ಡು, ಮೊಟ್ಟೆ ಇದೆ, ಅವನೇ ಮಾಡಿಕೊಳ್ಳುತ್ತಾನೆ. ನಾನು ಎದ್ದುಹೋಗಿ ಒಲೆ ಹಚ್ಚುವ ಹಾಗಿಲ್ಲ, ಇದು ನನಗೆ ನಾನೇ ಹಾಕಿಕೊಂಡ ನಿಯಮ. ನಿಜ ಹೇಳಬೇಕೆಂದರೆ ಇಡೀ ಪಟ್ಟಿಯಲ್ಲಿ ಕಷ್ಟವಾದದ್ದು ಇದೇ.

ಮನೆಯೊಳಗೆ ಮಾಂಸ ಮೊಟ್ಟೆ ಬರಬಾರದು ಅನ್ನುವಂಥದ್ದೇನಾದರೂ ಇದ್ದರೆ ಮೊದಲೇ ಬಾಯಿಬಿಟ್ಟು ಹೇಳಿ. ಐದು ವರ್ಷ ಪಿಜಿಯಲ್ಲಿದ್ದವರಿಗೆ ಅದು ನೆನಪಿನಲ್ಲೇ ಇರುವುದಿಲ್ಲ. ಡೆಲಿವರಿ ಹುಡುಗ ಗೇಟಿನ ಹತ್ತಿರ ಬಿರಿಯಾನಿ ಹಿಡಿದು ನಿಂತಾಗ ಸಿದ್ಧಾಂತದ ಚರ್ಚೆ ಬೇಡ.

ದುಡ್ಡಿನ ಮಾತು

ಬಹಳ ಜನ ಇಲ್ಲಿ ಎಡವುತ್ತಾರೆ. ಕೆಲವರು ಏನೂ ಕೇಳದೆ ಒಳಗೊಳಗೇ ಕುದಿಯುತ್ತಾರೆ, ಕೆಲವರು "ಪಿಜಿಗೆ ಎಂಟು ಸಾವಿರ ಕೊಡ್ತಿದ್ದೆಯಲ್ಲ, ಇಲ್ಲಿ ನಾಲ್ಕು ಕೊಡು" ಅನ್ನುತ್ತಾರೆ. ನನಗೆ ಎರಡೂ ಸರಿ ಕಾಣಲಿಲ್ಲ. ಅಮ್ಮನ ಕೈಗೆ ತಿಂಗಳಿಗಿಷ್ಟು ಅಂತ ಕೊಟ್ಟರೆ ಅದು ಬಾಡಿಗೆಯಾಯಿತು, ಬಾಡಿಗೆ ಕೊಟ್ಟವನು ಆಮೇಲೆ ಕಾಫಿ ಲೋಟ ಎತ್ತಿಡುವುದಿಲ್ಲ. ಅದರ ಬದಲು ಮನೆಯ ಒಂದೆರಡು ಬಾಬ್ತನ್ನು ಪೂರ್ತಿ ಅವರಿಗೇ ವಹಿಸಿ. ಗ್ಯಾಸು ಅವನದು ಅಂದರೆ ಬುಕ್ ಮಾಡುವುದು, ದುಡ್ಡು ಕಟ್ಟುವುದು, ಸಿಲಿಂಡರ್ ಬದಲಾಯಿಸುವುದು ಎಲ್ಲ ಅವನದು. ನಮ್ಮ ಮನೆಯಲ್ಲಿ ಗ್ಯಾಸು, ವೈಫೈ, ಹಾಲು ಮೂರೂ ಮಗನ ಪಾಲಿಗೆ ಹೋದವು. ಸಿಲಿಂಡರು ಮೊದಲು ಐವತ್ತು ದಿನ ಬರುತ್ತಿದ್ದದ್ದು ಈಗ ಮೂವತ್ತೈದಕ್ಕೆ ಮುಗಿಯುತ್ತೆ ಅಂತ ನಾನು ಹೇಳಬೇಕಾಗಲಿಲ್ಲ, ಅವನೇ ಕಂಡುಕೊಂಡ.

ಕರೆಂಟಿನ ಲೆಕ್ಕವನ್ನು ಮಾತ್ರ ಪೆನ್ನು ಹಿಡಿದು ಕೂತು ಮಾಡಬೇಕು. 2023ರ ಜುಲೈನಿಂದ ಗೃಹಜ್ಯೋತಿ ಇದೆಯಲ್ಲ, 200 ಯೂನಿಟ್ ಫ್ರೀ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಹಾಗಲ್ಲ. ನಿಮ್ಮ ಮನೆಯ 2022-23ನೇ ಸಾಲಿನ ತಿಂಗಳ ಸರಾಸರಿ ಬಳಕೆಗೆ ಹತ್ತು ಪರ್ಸೆಂಟ್ ಸೇರಿಸಿದರೆ ಎಷ್ಟೋ ಅಷ್ಟು ಉಚಿತ. ಅದರ ಮೇಲೆ ಬಳಸಿದ್ದಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ನಮ್ಮ ಸರಾಸರಿ 100 ಯೂನಿಟ್, ಉಚಿತ 110. ಮಗ ಬಂದ ಮೇಲೆ ಏನೇನು ಸೇರಿತು ನೋಡಿ. ಎರಡು ಸಾವಿರ ವ್ಯಾಟಿನ ಗೀಸರ್ ದಿನಕ್ಕೆ ಅರ್ಧ ಗಂಟೆ ಜಾಸ್ತಿ ಓಡಿದರೆ ದಿನಕ್ಕೊಂದು ಯೂನಿಟ್, ತಿಂಗಳಿಗೆ 30. ಲ್ಯಾಪ್‌ಟಾಪು, ಮಾನಿಟರು ಸೇರಿ ನೂರು ವ್ಯಾಟ್, ಎಂಟು ಗಂಟೆ ಲೆಕ್ಕ ಹಾಕಿದರೆ ತಿಂಗಳಿಗೆ 24. ಫ್ಯಾನು 18. ಅಲ್ಲಿಗೆ 172. ಅವನು ತಂದಿದ್ದ ಇಂಡಕ್ಷನ್ ಒಲೆಯಲ್ಲಿ ದಿನಾ ಅರ್ಧ ಗಂಟೆ ನೀರು ಕಾಯಿಸಿ ನೂಡಲ್ಸ್ ಮಾಡಿಕೊಂಡರೆ ಇನ್ನೊಂದು 30, ಒಟ್ಟು 202. ಎರಡು ಯೂನಿಟ್ಟಿಗೋಸ್ಕರ ಇಡೀ ಬಿಲ್ಲು! ಈ ಲೆಕ್ಕ ತೋರಿಸಿದ ದಿನ ಇಂಡಕ್ಷನ್ ಒಲೆ ಅಟ್ಟ ಸೇರಿತು, ನಾನು ಒಂದು ಮಾತೂ ಆಡಬೇಕಾಗಲಿಲ್ಲ. ಸೋಲಾರ್ ಇರುವ ಮನೆಯವರು ಜೂನ್, ಜುಲೈ ಲೆಕ್ಕ ಬೇರೆ ಹಾಕಿ. ನಮ್ಮೂರ ಜಡಿಮಳೆಯಲ್ಲಿ ಸೋಲಾರ್ ನೀರು ಉಗುರುಬೆಚ್ಚಗೂ ಆಗುವುದಿಲ್ಲ.

ಆದಾಯವೇ ಇಲ್ಲದವರ ಹತ್ತಿರ ದುಡ್ಡು ಕೇಳಬೇಡಿ, ಕೆಲಸ ಕೇಳಿ. ಈಗಷ್ಟೇ ಡಿಗ್ರಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಾದರೆ ಯುವನಿಧಿಗೆ ಅರ್ಜಿ ಹಾಕಿಸಿ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಸೇವಾಸಿಂಧುವಿನಲ್ಲಿ ಅರ್ಜಿ. ಆ ದುಡ್ಡನ್ನು ಮನೆಖರ್ಚಿಗೆ ಸೇರಿಸಿಕೊಳ್ಳದಿದ್ದರೆ ಒಳ್ಳೆಯದು, ಫೋನು, ಪೆಟ್ರೋಲು, ಪರೀಕ್ಷೆ ಫೀಸು ಅಂತ ಅವರ ಕೈಯಲ್ಲೇ ಇರಲಿ. ಹೆಣ್ಣುಮಕ್ಕಳಿಗೆ ಇಂಟರ್‌ವ್ಯೂ ಓಡಾಟದ ಖರ್ಚು ಕಮ್ಮಿ, ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಶಕ್ತಿ ಯೋಜನೆ ಇದೆ.

ಇನ್ನೆರಡು ವಿಷಯ ಒಂದೇ ಸಲ ಕೇಳಿ ಮುಗಿಸಿಬಿಡಿ. ಸಾಲ ಎಷ್ಟಿದೆ? ಬೈಕಿನ ಇಎಂಐ, ಕ್ರೆಡಿಟ್ ಕಾರ್ಡು, ಮೊಬೈಲ್ ಆ್ಯಪಿನಲ್ಲಿ ತೆಗೆದದ್ದು ಎಲ್ಲ ಸೇರಿಸಿ. ಬೈಯುವುದಿಲ್ಲ ಅಂತ ಮಾತು ಕೊಟ್ಟು ಕೇಳಿ, ಕೊಟ್ಟ ಮೇಲೆ ಬೈಯಬೇಡಿ. ಎರಡನೆಯದು ಆರೋಗ್ಯ ವಿಮೆ. ಕಂಪನಿ ಕೊಟ್ಟಿದ್ದ ವಿಮೆ ಸಾಮಾನ್ಯವಾಗಿ ಕೆಲಸ ಬಿಟ್ಟ ದಿನಕ್ಕೇ ಮುಗಿಯುತ್ತೆ, ಅಪ್ಪನ ಫ್ಯಾಮಿಲಿ ಪಾಲಿಸಿಯಲ್ಲಿ ಹೆಚ್ಚಿನ ಕಂಪನಿಗಳು ಮಕ್ಕಳನ್ನು 25ರ ತನಕ ಮಾತ್ರ ಇಟ್ಟುಕೊಳ್ಳುತ್ತವೆ. ನಮ್ಮವನು ಇಪ್ಪತ್ತಾರು, ಎರಡೂ ಕಡೆ ಇರಲಿಲ್ಲ. ಮೂರು ತಿಂಗಳು ಅದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ. ಅಷ್ಟು ದಿನ ಬೈಕಿನಲ್ಲಿ ಓಡಾಡುತ್ತಲೇ ಇದ್ದ.

ಮನೆಗೆಲಸ

"ಸ್ವಲ್ಪ ಹೆಲ್ಪ್ ಮಾಡೋ" ಅನ್ನುವುದನ್ನು ಬಿಟ್ಟುಬಿಡಿ. ಹೆಲ್ಪ್ ಅಂದ ಕೂಡಲೇ ಕೆಲಸ ಇನ್ನೂ ನಿಮ್ಮದೇ ಅಂತಾಯಿತು. ದಿನಾ ಹತ್ತು ಚಿಲ್ಲರೆ ಕೆಲಸ ಹೇಳುವ ಬದಲು ಮೂರು ಇಡೀ ಕೆಲಸ ಒಪ್ಪಿಸಿ. ನಮ್ಮಲ್ಲಿ ನೀರು ಬಿಡುವ ದಿನ ಸಂಪು ತುಂಬಿಸಿ ಮೋಟರ್ ಹಾಕಿ ಆರಿಸುವುದು, ಸಂತೆಯಿಂದ ವಾರದ ತರಕಾರಿ, ಅಜ್ಜಿಯ ಮಾತ್ರೆ ಹಾಗೂ ಆಸ್ಪತ್ರೆ ಓಡಾಟ. ಅವನ ಬಟ್ಟೆ, ಅವನ ರೂಮು, ಅವನ ತಟ್ಟೆ ಇದರಲ್ಲಿ ಸೇರಿಲ್ಲ, ಅವು ಅವನ ಮೈಗೆ ಸೇರಿದ ಕೆಲಸ.

ಕೊಟ್ಟ ಮೇಲೆ ಹಿಂದೆ ಹೋಗಿ ತಿದ್ದಬೇಡಿ. ಮೊದಲ ವಾರ ಸಂತೆಯಿಂದ ಬಲಿತ ಬೆಂಡೆಕಾಯಿ ತಂದ, ಅವರೆಕಾಯಿಯಲ್ಲಿ ಅರ್ಧ ಹುಳ. ಅದನ್ನೇ ಮಾಡಿ ಬಡಿಸಿದೆ. ಮೂರನೇ ವಾರಕ್ಕೆ ಬೆಂಡೆಕಾಯಿ ತುದಿ ಮುರಿದು ನೋಡುವುದನ್ನು ಸಂತೆಯ ಯಾವುದೋ ಅಜ್ಜಿಯಿಂದಲೇ ಕಲಿತು ಬಂದಿದ್ದ.

ಮನೆಯಲ್ಲಿ ಮಗಳೂ ಮಗನೂ ಇದ್ದರೆ ಅಡುಗೆ ಅವಳಿಗೆ, ಪೇಟೆ ಇವನಿಗೆ ಅಂತ ಹಂಚಬೇಡಿ. ಎರಡು ತಿಂಗಳಿಗೊಮ್ಮೆ ಅದಲುಬದಲು ಮಾಡಿ.

ರಾತ್ರಿ, ಗೇಟು, ಬೈಕು

"ಒಂಬತ್ತೂವರೆಗೆ ಮನೆಯಲ್ಲಿರಬೇಕು" ಅನ್ನುವುದು ನನ್ನ ಹದಿನಾಲ್ಕರಲ್ಲಿ ಇತ್ತು. ಬೆಂಗಳೂರಿನಲ್ಲಿ ರಾತ್ರಿ ಎರಡಕ್ಕೆ ಶಿಫ್ಟ್ ಮುಗಿಸಿ ಬರುತ್ತಿದ್ದವನಿಗೆ ಇದು ನಗು ತರಿಸಿತು. ಆದರೆ ನನ್ನ ನಿದ್ದೆ ಕೆಡುತ್ತಿದ್ದದ್ದೂ ಸುಳ್ಳಲ್ಲ. ಗೇಟು ತೆಗೆದ ಶಬ್ದ ಕೇಳುವವರೆಗೆ ಕಣ್ಣು ಮುಚ್ಚುತ್ತಿರಲಿಲ್ಲ. ಈಗ ಅವನಿಗೊಂದು ಬೇರೆ ಕೀ ಇದೆ. ಹನ್ನೊಂದು ದಾಟುವುದಾದರೆ ಎಷ್ಟು ಹೊತ್ತಿಗೆ ಅಂತ ಮೊದಲೇ ಹೇಳುತ್ತಾನೆ, ಹೇಳಿದ ಹೊತ್ತು ದಾಟಿದರೆ ಮಾತ್ರ ನಾನು ಫೋನ್ ಮಾಡುತ್ತೇನೆ. ಅದನ್ನವನು ಎತ್ತಲೇಬೇಕು. ಮಗಳಿಗೂ ಇದೇ ನಿಯಮ ಇಟ್ಟರೆ ಮಾತ್ರ ಇದು ನಿಯಮ. ಮಗನಿಗೆ ಹನ್ನೊಂದು, ಮಗಳಿಗೆ ಏಳು ಅಂತ ಮಾಡಿದರೆ ಇಬ್ಬರೂ ನಿಮ್ಮ ಮಾತಿಗೆ ಬೆಲೆ ಕೊಡುವುದಿಲ್ಲ.

ಕುಡಿತದ ಬಗ್ಗೆ ಪ್ರತಿ ಮನೆಗೂ ಒಂದೊಂದು ನಿಲುವು. ನಮ್ಮದು ಇಷ್ಟು: ಮನೆಯೊಳಗೆ ಇಲ್ಲ, ಕುಡಿದು ಗಾಡಿ ಇಲ್ಲ. ಸ್ನೇಹಿತರ ಜೊತೆ ಸಕಲೇಶಪುರದ ಯಾವುದಾದರೂ ಹೋಂಸ್ಟೇಗೆ ಹೋದರೆ ರಾತ್ರಿ ಅಲ್ಲೇ ಉಳಿಯಬೇಕು, ಇಲ್ಲ ಅಪ್ಪನಿಗೆ ಫೋನ್ ಮಾಡಬೇಕು, ಅಪ್ಪ ಪ್ರಶ್ನೆ ಕೇಳದೆ ಹೋಗಿ ಕರೆತರಬೇಕು. ಕುಡಿದು ಓಡಿಸಿ ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ತನಕ ದಂಡ, ಆರು ತಿಂಗಳ ತನಕ ಜೈಲೂ ಆಗಬಹುದು. ಮಳೆಗಾಲದಲ್ಲಿ ದೋಣಿಗಾಲ್ ಆಸುಪಾಸು ಗುಡ್ಡ ಜರಿಯುವ ರಸ್ತೆ ಅದು, ದಂಡದ ಮಾತು ಆಮೇಲೆ. ಒಂದೇ ಸಲ ಫೋನ್ ಬಂದಿತ್ತು. ನಮ್ಮ ಯಜಮಾನರು ಹೋಗಿ ಕರೆತಂದರು, ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ. ಅದು ಅವರ ಜೀವನದಲ್ಲೇ ದೊಡ್ಡ ಸಾಧನೆ ಅಂತ ನನ್ನ ಅಭಿಪ್ರಾಯ.

ರೂಮು

ಬಾಗಿಲು ಹಾಕಿದ್ದರೆ ತಟ್ಟಿ ಒಳಗೆ ಹೋಗುವುದು. ಮನೆಯಿಂದಲೇ ಕೆಲಸ ಮಾಡುವವರಾದರೆ ಮೀಟಿಂಗ್ ಹೊತ್ತನ್ನು ಬಾಗಿಲಿಗೊಂದು ಚೀಟಿ ಅಂಟಿಸಿ ತಿಳಿಸಲಿ, ಇಲ್ಲದಿದ್ದರೆ ಕ್ಯಾಮೆರಾ ಮುಂದೆ ನೀವು ಒಗೆದ ಬಟ್ಟೆ ಹಿಡಿದುಕೊಂಡು ಹಾದುಹೋಗಿರುತ್ತೀರಿ. ನಾನು ಹೋಗಿದ್ದೇನೆ, ಎರಡು ಸಲ.

ಹಾಸನದವರಿಗೆ ಇನ್ನೊಂದು ಸಮಸ್ಯೆ ಇದೆ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆ ಬಾಗಿಲು ತೆರೆದರೆ ಬಲಿಪಾಡ್ಯಮಿ ಕಳೆಯುವ ತನಕ ನಮ್ಮ ಮನೆಗಳು ಛತ್ರ. ವರ್ಷದಲ್ಲಿ ಒಮ್ಮೆಯೂ ಫೋನ್ ಮಾಡದ ನೆಂಟರೂ ದರ್ಶನಕ್ಕೆ ಬರುತ್ತಾರೆ. ಮಗನ ರೂಮು ಖಾಲಿ ಇದ್ದಾಗ ಅವರಿಗೆ ಅದೇ ಕೊಡುತ್ತಿದ್ದೆವು. ಈಗ ಅದು ಇನ್ನೊಬ್ಬರ ರೂಮು. ಯಾವ ದಿನ ಬಿಟ್ಟುಕೊಡಬೇಕು ಅನ್ನುವುದನ್ನು ಹದಿನೈದು ದಿನ ಮೊದಲೇ ಕೇಳಿ, ಅವನು ಆಗಲ್ಲ ಅಂದ ದಿನ ನೆಂಟರಿಗೆ ಹಾಲಿನಲ್ಲಿ ಚಾಪೆ ಹಾಸಿ.

ನಮಗೂ ಕೆಲವು ಇರಬೇಕು

ನಮ್ಮ ಐದರ ಪಟ್ಟಿಯಲ್ಲಿ ಇವು ಸೇರಿಲ್ಲ. ಹಾಳೆಯ ಇನ್ನೊಂದು ಪಕ್ಕದಲ್ಲಿ ಮಗನೇ ಬರೆದದ್ದು. ಕೊರಿಯರ್ ಒಡೆಯಬಾರದು. ಅಪ್ಪ ಪೇಪರಿನ ಉದ್ಯೋಗ ಜಾಹೀರಾತಿಗೆ ಗೀಟು ಹಾಕಿ ದಿಂಬಿನ ಮೇಲಿಡಬಾರದು. ಮದುವೆ ವಿಚಾರವನ್ನು ಅವನಿಲ್ಲದಾಗ ಬ್ರೋಕರ್ ಹತ್ತಿರ ಮಾತಾಡಬಾರದು.

ನಾಲ್ಕನೆಯದು ಎಲ್ಲ ಮನೆಗೂ ಬೇಕಾದದ್ದು. ಕಲ್ಯಾಣ ಮಂಟಪದಲ್ಲಿ ಯಾರಾದರೂ "ಮಗ ಈಗೇನ್ ಮಾಡ್ತವ್ನೆ?" ಅಂದರೆ ಏನು ಹೇಳಬೇಕು ಅನ್ನುವುದನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು. ಮೂವರೂ ಒಂದೇ ಮಾತು ಹೇಳಬೇಕು. ನಮ್ಮದು "ಹಾಸನದಲ್ಲೇ ಇದಾನೆ, ಹೊಸ ಕೆಲಸ ನೋಡ್ತಿದಾನೆ" ಅಂತ. ಅಲ್ಲಿಗೆ ನಿಲ್ಲಿಸಿ "ಊಟ ಆಯ್ತಾ?" ಅನ್ನಬೇಕು. ಮೊದಲು ನಾನು ಒಬ್ಬರಿಗೆ "ವರ್ಕ್ ಫ್ರಮ್ ಹೋಮ್" ಅಂದೆ, ನಮ್ಮ ಯಜಮಾನರು ಇನ್ನೊಬ್ಬರಿಗೆ "ರಜ" ಅಂದರು, ಸಂಜೆ ಹೊತ್ತಿಗೆ ಅವನಿಗೆ ಕಾಯಿಲೆ ಅಂತ ಫೋನ್ ಬಂದಿತ್ತು.

ಎಲ್ಲ ಒಂದು ಹಾಳೆಯಲ್ಲಿ ಬರೆಯಿರಿ, ಆದರೆ ಫ್ರಿಜ್ಜಿಗೆ ಅಂಟಿಸಬೇಡಿ. ಬಂದವರೆಲ್ಲ ಓದುತ್ತಾರೆ. ನಮ್ಮದು ಗ್ಯಾಸ್ ಪುಸ್ತಕದ ಜೊತೆ ಡ್ರಾಯರಿನಲ್ಲಿದೆ.

ಮಾತು ತಪ್ಪಿದಾಗ

ತಪ್ಪುತ್ತದೆ. ಆಗ ಮಾತು ಬಿಡಬೇಡಿ. ಮುನಿಸಿಕೊಂಡು ತಟ್ಟೆ ಕುಕ್ಕುವುದು, ಅಜ್ಜಿಯ ಮೂಲಕ ಹೇಳಿಕಳಿಸುವುದು ನನಗೂ ಬರುತ್ತದೆ, ಪ್ರಯೋಜನವಾಗಲಿಲ್ಲ. ಒಂದು ಸಲ ತಪ್ಪಿದರೆ ಬಿಡಿ. ಎರಡನೇ ಸಲ ಅದೇ ದಿನ, ಅದೊಂದೇ ವಿಷಯ ಹೇಳಿ. "ಯಾವಾಗ್ಲೂ ನೀನು ಹಿಂಗೇ" ಅಂತ ಪಿಯುಸಿ ಮಾರ್ಕ್ಸಿನ ತನಕ ಹಿಂದಕ್ಕೆ ಹೋಗಬೇಡಿ. ಮೂರನೇ ಸಲವೂ ತಪ್ಪಿದರೆ ನಿಯಮದಲ್ಲೇ ಏನೋ ಐಬಿದೆ, ಮುಂದಿನ ಹಬ್ಬಕ್ಕೆ ಕಾಯದೆ ಕೂತು ಬದಲಾಯಿಸಿ.

ಎರಡು ಸಂದರ್ಭ ಮಾತ್ರ ಮನೆಯೊಳಗಿನ ನಿಯಮಕ್ಕೆ ಬಗ್ಗುವಂಥವಲ್ಲ. ವಾರಗಟ್ಟಲೆ ಸ್ನಾನ ಬಿಟ್ಟು, ಊಟ ಬಿಟ್ಟು, ರಾತ್ರಿಯೆಲ್ಲ ಎದ್ದಿದ್ದು ಹಗಲು ಕತ್ತಲೆ ರೂಮಿನಲ್ಲಿ ಮಲಗಿದ್ದರೆ ಅದನ್ನು ಸೋಮಾರಿತನ ಅನ್ನಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಮಗ ಮಾಡದಿದ್ದರೆ ಅಪ್ಪ ಅಮ್ಮನೇ ಮಾಡಿ ಕೇಳಬಹುದು. ಇನ್ನೊಂದು, ಕೈ ಎತ್ತುವುದು, ಹೆದರಿಸಿ ಆಸ್ತಿ ಬರೆಸಿಕೊಳ್ಳಲು ನೋಡುವುದು. ಆಗ ಮರ್ಯಾದೆ ಅಂತ ಮುಚ್ಚಿಡಬೇಡಿ. ತುರ್ತಿಗೆ 112. ಅರವತ್ತು ದಾಟಿದವರಿಗೆ 2007ರ ಹಿರಿಯ ನಾಗರಿಕರ ಪೋಷಣೆ ಹಾಗೂ ರಕ್ಷಣೆ ಕಾಯ್ದೆಯಡಿ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಡಬಹುದು. ನಮ್ಮ ಜಿಲ್ಲೆಯಲ್ಲಿ ಹಾಸನ, ಸಕಲೇಶಪುರ ಎರಡೂ ಕಡೆ ಆ ಕಚೇರಿ ಇದೆ, ಚಿಕ್ಕಮಗಳೂರು ಜಿಲ್ಲೆಯವರಿಗೆ ಚಿಕ್ಕಮಗಳೂರು ಮತ್ತು ತರೀಕೆರೆಯಲ್ಲಿದೆ.

ಹೊರಡುವ ದಿನ ಬಂದಾಗ

ನಮ್ಮವನಿಗೆ ಇನ್ನೂ ಬಂದಿಲ್ಲ. ಮೊನ್ನೆ ಎರಡನೇ ಸುತ್ತಿನ ಇಂಟರ್‌ವ್ಯೂ ಆಗಿದೆ, ಏನಾಯಿತು ಅಂತ ನಾನು ಕೇಳುವ ಹಾಗಿಲ್ಲ. ಆದರೆ ಎದುರು ಮನೆಯವರ ಮಗಳು ಹೋದ ತಿಂಗಳು ಮೈಸೂರಿಗೆ ಹೊರಟಾಗ ನೋಡಿದ್ದರಿಂದ ಎರಡು ಮಾತು. ಹೊಸ ಊರಿನಲ್ಲಿ ಮನೆ ಅಡ್ವಾನ್ಸ್ ಕಟ್ಟಲು ಮೊದಲ ಸಂಬಳ ಸಾಲದು. ಅದಕ್ಕೆ ನೀವು ಎಷ್ಟು ಕೊಡಬಲ್ಲಿರಿ, ಅದು ಸಾಲವೋ ಉಡುಗೊರೆಯೋ ಅಂತ ಈಗಲೇ ಹೇಳಿಡಿ. ಗ್ಯಾಸು, ಹಾಲು, ವೈಫೈ ಯಾರ ಫೋನ್ ನಂಬರಿನಲ್ಲಿ ಇವೆ ನೋಡಿ ನಿಮ್ಮ ನಂಬರಿಗೆ ಬದಲಾಯಿಸಿಕೊಳ್ಳಿ, ಇಲ್ಲದಿದ್ದರೆ ಸಿಲಿಂಡರ್ ಬುಕ್ ಮಾಡುವ ಓಟಿಪಿ ಮೈಸೂರಿಗೆ ಹೋಗುತ್ತೆ. ಗೇಟಿನ ಕೀ ಅವಳು ವಾಪಸ್ ಕೊಡಲು ಬಂದಳಂತೆ. ಅವರಮ್ಮ ತೆಗೆದುಕೊಳ್ಳಲಿಲ್ಲ.